ಕೊಂಡಿಯಿಲ್ಲದ ಕರಡಿಗೆ

ವಡಪಳನಿ, ಚೆನ್ನೈ
ಸೋಮವಾರ

ಪ್ರೀತಿಯ ಅಪ್ಪಾಜಿ,

ನೀವು ನನ್ನ ಖರ್ಚಿಗೆಂದು ಕೊಟ್ಟಿರುವ ನಿಮ್ಮ ಕಾರ್ಡಿನಿಂದ ಒಂದು ರೂಪಾಯಿಯೂ ಹೋಗಿಲ್ಲ, ನೀವೇ ಗೆದ್ದಿರಿ! ಮೊನ್ನೆ ನಿಮ್ಮ ಫೋನಿಗೆ ಬಂದ ಒಟಿಪಿಯನ್ನು ಹೇಳಲಿಲ್ಲವೆಂದು ರೇಗಿ ಫೋನ್ ಇಟ್ಟುಬಿಟ್ಟೆ. ಮಾತಿನಲ್ಲಿ ತಪ್ಪೊಪ್ಪಿಕೊಳ್ಳಲು ನಾಚಿಕೆಯಾಗಿ ಕಾಗದ ಬರೆಯುತ್ತಿದ್ದೇನೆ.

ನಾನು ಕೊಳ್ಳಲು ಹೊರಟಿದ್ದು ಇವರ ಹುಟ್ಟುಹಬ್ಬಕ್ಕೆ, ಲಿಂಗ ಇಡುವ ಬೆಳ್ಳಿಯ ಕರಡಿಗೆ. ಎಷ್ಟು ಮುದ್ದಾಗಿತ್ತು, ಅದೂ ಅರ್ಧ ಬೆಲೆಗೆ! ಗುಟ್ಟು ಬಯಲಾದೀತೆಂದು ನಿಮಗೂ ಹೇಳಲಿಲ್ಲ. ಆದರೆ ನಿನ್ನೆ ತಡೆಯಲಾರದೆ ಇವರಿಗೇ ಫೋಟೋ ತೋರಿಸಿಬಿಟ್ಟೆ.

"ತೇಜು, ಶಿವದಾರ ಎಲ್ಲಿ ಕಟ್ಟೋದು? ಕೊಂಡಿನೇ ಇಲ್ವಲ್ಲೇ! ಇದು ಕುಂಕುಮದ ಡಬ್ಬಿ ಕಣೆ" ಎಂದು ನಕ್ಕರು.

ಆಮೇಲೆ ಇಬ್ಬರೂ ಪತ್ತೇದಾರರಂತೆ ಕೂತು ಹುಡುಕಿದೆವು. ಆ ಆನ್‌ಲೈನ್ ಅಂಗಡಿಗೆ ವಿಳಾಸವಿಲ್ಲ, ಫೋನ್ ನಂಬರಿಲ್ಲ, ವೆಬ್‌ಸೈಟ್ ಹುಟ್ಟಿ ಹನ್ನೊಂದೇ ದಿನ! ಕಾರ್ಡ್ ನಂಬರನ್ನು ಆಗಲೇ ಕೊಟ್ಟಿದ್ದೆನಾದ್ದರಿಂದ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಹೊಸದು ಮನೆಗೆ ಬಂದರೆ ತೆಗೆದಿಡಿ.

ನನಗೊಂದೇ ಕುತೂಹಲ. ಆನ್‌ಲೈನಿನಲ್ಲಿ ಒಂದು ಪೆನ್ನನ್ನೂ ಕೊಳ್ಳದ ನಿಮಗೆ ಅನುಮಾನ ಬಂದದ್ದು ಹೇಗೆ? "ಏನು ತಗೋತಿದ್ದೀಯ ಅಂತ ಹೇಳ್ದೆ ನಂಬರ್ ಕೊಡಲ್ಲ ಮಗಳೇ" ಎಂದಿರಲ್ಲ, ನನ್ನ ದನಿಯಲ್ಲೇ ಏನಾದರೂ ಕೇಳಿಸಿತೇ? ಇನ್ನು ಮುಂದೆ ನಾನು ಅತ್ತು ಕೇಳಿದರೂ ಹೇಳಬೇಡಿ.

ಕರಡಿಗೆಯನ್ನು ನಿಮ್ಮ ಜೊತೆಯೇ ಅಂಗಡಿಗೆ ಬಂದು, ಕೈಯಲ್ಲಿ ತಿರುಗಿಸಿ ನೋಡಿ ಕೊಳ್ಳುತ್ತೇನೆ. ಕೋಪ ಇನ್ನೂ ಇಳಿಯದಿದ್ದರೂ ದಯವಿಟ್ಟು ಸ್ಟೇಷನ್ನಿಗೆ ಬನ್ನಿ. ಶನಿವಾರ ಬೆಳಿಗ್ಗೆ, ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೆ ಬಂದಿಳಿಯುತ್ತೇನೆ.

ನಿಮ್ಮ ಮಗಳು,
ತೇಜಶ್ರೀ