ದುರ್ಬೀನಿಗೆ ಹಚ್ಚಿದ ಕುಂಕುಮ

ಕಕ್ಕೇರಾ, ೧೯೫೦

ಹೊಲ ಅಳೆಯಲು ಬಂದ ಹೊಸ ಮೋಜಣಿ ಸಾಹೇಬರಿಗೆ, ಹಿಂದಿನ ಸಾಹೇಬರ ಕೈಕೆಳಗೆ ಅಳತೆಯ ಸರಪಳಿ ಹಿಡಿಯುತ್ತಿದ್ದ ಅಮಾತೆಪ್ಪನ ಶರಣು.

ರಜಾಕಾರರ ಗದ್ದಲದಲ್ಲಿ ಊರು ಬಿಡುವಾಗ ಹಿಂದಿನ ಸಾಹೇಬರು ಅಳತೆಯ ದುರ್ಬೀನನ್ನು ನನಗೆ ಕೊಟ್ಟು, "ಗಾಜು ಮಾತ್ರ ಒರಸಬ್ಯಾಡ, ಗೀರು ಬೀಳ್ತದ" ಎಂದಿದ್ದರು. ಕಚೇರಿ ಪುಸ್ತಕದಲ್ಲಿ ಅದು ಕಳವಾಗಿದೆ ಎಂದು ಬರೆದಿದೆಯಂತೆ. ಅದು ನಮ್ಮ ದೇವರ ಜಗುಲಿಯ ಮೇಲಿದೆ. ಪ್ರತಿ ಅಮಾವಾಸ್ಯೆ ಅದರ ಪೆಟ್ಟಿಗೆಯನ್ನು ಬಿಸಿಲಿಗಿಡುತ್ತೇನೆ.

ತಪ್ಪು ಒಂದೇ ಆಗಿದೆ. ಮಹಾನವಮಿಗೆ ನನ್ನ ಹೆಂಡತಿ ಲಾಲಮ್ಮ ಗಾಜಿಗೆ ಕುಂಕುಮ ಹಚ್ಚಿದಳು. ಬೈದರೆ, "ನಮ್ಮ ಹೊಲ ಅಳೆಯೋ ಕಣ್ಣದು, ಬರೇ ಹಣಿಲೆ ಹೆಂಗ ಬಿಡ್ಲಿ?" ಎಂದಳು.

ನಾನು ಒರೆಸಿಲ್ಲ. ಮೆತ್ತನೆಯ ಅರಿವೆ ತಂದು ನೀವೇ ಒರೆಸಿರಿ. ಬರುವ ಮೊದಲು ಪುಸ್ತಕದಲ್ಲಿರುವ 'ಕಳವು' ಎಂಬುದನ್ನು ಅಳಿಸಿ ಬನ್ನಿರಿ. ಸರಪಳಿ ಹಿಡಿಯಲು ನಾನು ಹೊಲದಲ್ಲೇ ನಿಂತಿರುತ್ತೇನೆ.

ನಿಮ್ಮ
ಅಮಾತೆಪ್ಪ