ಮುಂದಿನ ಬಸ್ಸಿಗೆ ಬಂದ ನಗು

ಜನವರಿ 14, ಮಂಗಳವಾರ. ಸಂಜೆ

ಒಂದು ಅಪರಾಧವನ್ನು ದಾಖಲಿಸಬೇಕಾಗಿದೆ. ಸರ್ಕಾರಿ ನೌಕರ ಮರ್ರೆ ಗಿಲ್‌ಕ್ರಿಸ್ಟ್, ವಯಸ್ಸು ಐವತ್ತೊಂದು, ವಾಸ ಒಟ್ಟಾವಾ, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ಇಂದಿನ ವಾರ್ಷಿಕ ಸಭೆಯಲ್ಲಿ ಇಯರ್‌ಫೋನ್ ಹಾಕಿಕೊಂಡಿದ್ದ. ಎಡಗಿವಿಗೆ. ಕೂದಲಲ್ಲಿ ಮುಚ್ಚಿ... ಇರುವಷ್ಟು ಕೂದಲಲ್ಲಿ. ಇಂಗ್ಲಿಷ್ ಚಾನೆಲ್.

ಇದರಲ್ಲೇನು ಅಪರಾಧ? ದುಭಾಷಿಗಳು ಗಾಜಿನ ಗೂಡಿನಲ್ಲಿ ಕೂತು ಗಂಟಲು ಒಣಗಿಸಿಕೊಳ್ಳುವುದೇ ಅದಕ್ಕಲ್ಲವೇ? ಆದರೆ ಈ ಗಿಲ್‌ಕ್ರಿಸ್ಟ್ ದೇಶದ ಸರ್ಕಾರಿ ಕಚೇರಿಗಳಲ್ಲೆಲ್ಲ ಯಾರು ಯಾವಾಗ ಇಂಗ್ಲಿಷ್ ಆಡಬಹುದು, ಯಾವಾಗ ಫ್ರೆಂಚ್ ಆಡಬಹುದು ಎಂಬ ನಿಯಮ ಬರೆಯುವವನು. ‘ನನ್ನ ಕಿವಿಗೆ ದುಭಾಷಿ ಬೇಕಿಲ್ಲ’ ಎಂದು ಆಫೀಸಿಡೀ ಸಾರಿಕೊಂಡವನು. ನೀತಿ ಬರೆಯುವವನ ನೀತಿ ಇದು.

ಸಿಕ್ಕಿಬಿದ್ದದ್ದು ನಗುವಿನಿಂದ. ಲಿಯೆಟ್ ಡ್ವಾರೋಂ ವೇದಿಕೆಯ ಮೇಲೆ ಫ್ರೆಂಚಿನಲ್ಲಿ ಏನೋ ಚಟಾಕಿ ಹಾರಿಸಿದಳು. ಸಭೆ ನಕ್ಕಿತು. ಸಭೆ ಸುಮ್ಮನಾಯಿತು. ಆಮೇಲೆ ನಾನು ನಕ್ಕೆ. ಒಬ್ಬನೇ. ಜೋರಾಗಿ. ದುಭಾಷಿಗೆ ಆ ಚಟಾಕಿ ದಾಟಿಸಲು ಎರಡು ಉಸಿರು ಹಿಡಿದಿತ್ತು.

ಕಾರಿಡಾರಿನಲ್ಲಿ ತಡೆದು ಕೇಳಿದಳು: “ನೀತಿವಂತರೇ, ಎಲ್ಲರ ನಗು ಬಂತು, ನಿಮ್ಮದು ಮಾತ್ರ ಮುಂದಿನ ಬಸ್ಸಿಗೆ ಬಂತಲ್ಲ?”

ಇಂಗ್ಲಿಷಿನಲ್ಲಿ ಕೇಳಿದಳು. ನಾಲ್ಕು ವರ್ಷ ಪಕ್ಕದ ಟೇಬಲ್. ನನ್ನೊಡನೆ ಇಂಗ್ಲಿಷೇ.

ಜನವರಿ 21, ಮಂಗಳವಾರ

ಬಾಸ್ ನೊರ್ಮಾಂ ಕರೆಸಿದ. ನನ್ನ C ದರ್ಜೆಯ ಅವಧಿ ಮಾರ್ಚ್‌ಗೆ ಮುಗಿಯುತ್ತದೆ. ಫ್ರೆಂಚ್ ಮಾತಿನ ಪರೀಕ್ಷೆಯಲ್ಲಿ A ಎಂದರೆ ತೊದಲು, B ಎಂದರೆ ತಾಪತ್ರಯ, C ಎಂದರೆ ತಡೆಯಿಲ್ಲದ ಮಾತು. ಐದು ವರ್ಷಕ್ಕೊಮ್ಮೆ ಹಾಲಿನ ಪೊಟ್ಟಣದ ಹಾಗೆ ಹುಳಿಯಾಗುತ್ತದೆ. ಹೊಸದಾಗಿ ಗೆಲ್ಲಬೇಕು. ಅಷ್ಟರವರೆಗೆ ಮಂಗಳವಾರ, ಗುರುವಾರ ಮಧ್ಯಾಹ್ನದ ಊಟಕ್ಕೆ ಲಿಯೆಟ್ ನನ್ನ ಮಾತಿನ ಜೊತೆಗಾತಿ. ಅವಳಾಗಿಯೇ ಒಪ್ಪಿದಳಂತೆ. ನಾನು C ಗೆದ್ದ ದಿನ ಊಟ ಬಂದ್.

ನನಗೆ ಅಭ್ಯಾಸ ಯಾಕೆ, ನಿದ್ದೆಗಣ್ಣಲ್ಲೂ ಗೆಲ್ಲುತ್ತೇನೆ ಎಂದೆ. ನೊರ್ಮಾಂ ತನ್ನ ಕಾಫಿಯನ್ನೇ ನೋಡುತ್ತ ಕೂತ.

ಜನವರಿ 23, ಗುರುವಾರ

ಎರಡನೇ ಊಟ. ಫ್ರೆಂಚಿನಲ್ಲಿ ಚೆನ್ನಾಗಿಯೇ ಹೊರಟೆ. ಎಲ್ಲೋ ಒಂದು ಕಡೆ ಎಡವಿದೆ. ಇನ್ನೊಂದು ಕಡೆ ತಡವರಿಸಿದೆ. ಅಷ್ಟೇ — ಅವಳು ಇಂಗ್ಲಿಷಿಗೆ ಜಾರಿದಳು. ಮಂಜಿನ ಮೇಲೆ ಕಾಲು ಜಾರಿದಷ್ಟು ಸಲೀಸಾಗಿ. ತನಗೇ ಗೊತ್ತಾಗದಂತೆ.

‘ಪ್ರತಿ ನೌಕರನಿಗೂ ತನ್ನ ಭಾಷೆಯಲ್ಲಿ ಕೆಲಸ ಮಾಡುವ ಹಕ್ಕಿದೆ’ ಎಂದು ನಾನೇ ಬರೆದ ವಾಕ್ಯವನ್ನು ಒಪ್ಪಿಸಿದೆ. ನಕ್ಕಳು. ಅವರ ಕಡೆ, ಸಮುದ್ರದಂಚಿನ ಕಾರಾಕೆಯಲ್ಲಿ, ಹತ್ತು ಜನ ಫ್ರೆಂಚಿನವರು ಕೂತಲ್ಲಿಗೆ ಒಬ್ಬ ಇಂಗ್ಲಿಷಿನವ ಬಂದರೆ ಹತ್ತೂ ಜನ ಇಂಗ್ಲಿಷಿಗೆ ತಿರುಗುತ್ತಾರಂತೆ. ಚಳಿಯಲ್ಲಿ ಬಂದವನಿಗೆ ಒಲೆ ಪಕ್ಕದ ಕುರ್ಚಿ ಬಿಟ್ಟುಕೊಟ್ಟ ಹಾಗೆ.

“ನಿಮ್ಮ ಮುಖ ನೋಡೋಕೆ ಆಗಲ್ಲ ಮರ್ರೆ,” ಅಂದಳು. “ಪದ ಹುಡುಕುವಾಗ ಹಲ್ಲು ಕೀಳಿಸಿಕೊಳ್ಳೋರ ಹಾಗೆ ಕಾಣ್ತೀರಿ.”

ಅಂದರೆ ಇದು ದಯೆ. ದಯೆಗೆ ವಿರುದ್ಧವಾಗಿ ನಿಯಮ ಬರೆಯುವುದು ಹೇಗೆ?

ಫೆಬ್ರವರಿ 11, ಮಂಗಳವಾರ. ಮಧ್ಯಾಹ್ನ ಮೂರು

ಮೂರು ವಾರವಾಗುತ್ತ ಬಂತು, ಬರೆದಿಲ್ಲ. ಬರೆಯುವುದೇನಿತ್ತು... ಮಂಗಳವಾರಗಳಿದ್ದವು, ಗುರುವಾರಗಳಿದ್ದವು. ಮಿಕ್ಕ ದಿನಗಳು ಯಾಕಿವೆ ಎಂದು ಅರ್ಥವಾಗುತ್ತಿಲ್ಲ.

ಇವತ್ತು ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಸ್ಕೇಟಿಂಗ್, ಆಮೇಲೆ ದಂಡೆಯ ಬೆಂಚಿನಲ್ಲಿ ಊಟ. ಅವಳ ಊರಿನ ತಿಂಡಿ ತಂದಿದ್ದಳು. ಆಲೂಗಡ್ಡೆಯ ಉಂಡೆ, ಒಳಗೆ ಉಪ್ಪು ಹಂದಿಮಾಂಸ, ಮೇಲೆ ಕಂದು ಸಕ್ಕರೆ. ಬಣ್ಣ ಒದ್ದೆ ಸಿಮೆಂಟಿನದು. ಅಭಿಪ್ರಾಯ ಕೇಳಿದಳು. ‘ತುಂಬ ಚೆನ್ನಾಗಿದೆ’ ಅಂದೆ. ಫ್ರೆಂಚಿನಲ್ಲಿ ಸಮಯಕ್ಕೆ ನಾಲಗೆಗೆ ಬರುವುದು ಅದೊಂದೇ. ಭಾಷೆ ಕಮ್ಮಿ ಇರುವವನು ತಾನಾಗಿ ಒಳ್ಳೆಯವನಾಗುತ್ತಾನೆ.

ಆಗ ಅವಳ ತಂಗಿಯ ಫೋನ್ ಬಂತು, ಕಾರಾಕೆಯಿಂದ. ಎದ್ದು ನಾಲ್ಕು ಹೆಜ್ಜೆ ಆಚೆ ಹೋದಳು. ಮಾತು ಶುರುವಾಯಿತು — ಯಾರು ಇವಳು? ಕೈ ಬೀಸುತ್ತಾಳೆ. ಅರ್ಧಕ್ಕೇ ವಾಕ್ಯ ಮುರಿದು ಇನ್ನೊಂದು ಹಿಡಿಯುತ್ತಾಳೆ. ಬೈಯುತ್ತಾಳೆ, ಬೈಯುತ್ತ ನಗುತ್ತಾಳೆ. ಹೊಟ್ಟೆಯಿಂದ ಬರುವ ನಗು. ಸ್ಕೇಟಿಂಗ್ ಮಾಡುವವರು ತಿರುಗಿ ನೋಡಿದರು.

ಫೋನ್ ಇಟ್ಟು ಬಂದು ಕೂತು, ಮೆಲ್ಲಗೆ, ಶುದ್ಧ ಇಂಗ್ಲಿಷಿನಲ್ಲಿ, ತಡವಾಯಿತು ಕ್ಷಮಿಸಿ ಎಂದಳು.

ನಾಲ್ಕು ವರ್ಷ ನನ್ನ ಪಕ್ಕ ಕೂತದ್ದು ಅವಳಲ್ಲ. ಅವಳ ಇಂಗ್ಲಿಷ್ ಅನುವಾದ. ಅನುವಾದ ಚೆನ್ನಾಗಿದೆ, ತಪ್ಪಿಲ್ಲ. ನನಗೆ ಮೂಲ ಬೇಕು.

ಫೆಬ್ರವರಿ 26, ಬುಧವಾರ

ಆಡಳಿತ ಭಾಷೆ ಎಂದರೆ ಯಾರೂ ಆಡದ ಭಾಷೆ. ಇವತ್ತು ಸಾಬೀತಾಯಿತು.

ನಮ್ಮ ವಿಭಾಗದ ಚಿಕ್ಕ ಮೀಟಿಂಗ್. ದುಭಾಷಿ ಇಲ್ಲ. ಆರು ಜನ, ಐವರು ಫ್ರೆಂಚಿನವರು, ಆರನೆಯವನು ನಾನು. ವಿಷಯ: ಮೀಟಿಂಗ್‌ಗಳಲ್ಲಿ ಫ್ರೆಂಚ್ ಯಾಕೆ ಕೇಳಿಸುತ್ತಿಲ್ಲ. ಲಿಯೆಟ್ ಫ್ರೆಂಚಿನಲ್ಲೇ ಶುರುಮಾಡಿದಳು. ನೊರ್ಮಾಂ ನನ್ನ ಕಡೆ ಒಂದು ಸಲ ನೋಡಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟ. ಅಲ್ಲಿಗೆ ಮುಗಿಯಿತು. ಒಬ್ಬೊಬ್ಬರಾಗಿ ಇಂಗ್ಲಿಷಿಗೆ ದಾಟಿದರು, ದೋಣಿ ಒಂದು ಕಡೆಗೆ ವಾಲಿದ ಹಾಗೆ. ಕೊನೆಗೆ ಅವಳೂ.

ತಡೆಯಲಾಗಲಿಲ್ಲ. ಎದ್ದು ನಿಂತೆ. ‘ನನಗೋಸ್ಕರ ಬದಲಾಯಿಸಬೇಡಿ, ದಯವಿಟ್ಟು ಫ್ರೆಂಚಿನಲ್ಲೇ ಮುಂದುವರಿಸಿ’ ಎಂದು ಗಂಭೀರವಾಗಿ ಕೇಳಿಕೊಂಡೆ.

ಇಂಗ್ಲಿಷಿನಲ್ಲಿ.

ಕೂತ ಮೇಲೆ ಗೊತ್ತಾಯಿತು. ಇವರಿಗೆಲ್ಲ ಮಾತೃಭಾಷೆ. ನನ್ನದು ‘ಮಾತ್ರ’ ಭಾಷೆ. ಲಿಯೆಟ್ ಪೆನ್ನು ಕಚ್ಚಿಕೊಂಡು ನಗು ನುಂಗುತ್ತಿದ್ದಳು. ಅಷ್ಟಾದರೂ ಕೊಟ್ಟೆನಲ್ಲ.

ಮಾರ್ಚ್ 10, ಸೋಮವಾರ

ಪರೀಕ್ಷೆಗೆ ಒಂದು ವಾರ. ಗೆದ್ದರೆ ಊಟ ಬಂದ್. ಕಾಲುವೆಯ ಮಂಜು ಕರಗಲು ಶುರುವಾಗಿದೆ, ಗೇಟು ಹಾಕಿದ್ದಾರೆ.

ತೀರ್ಮಾನಿಸಿದೆ. ಸೋಲುತ್ತೇನೆ. ಬೇಕೆಂದೇ. ಒಂದು ಭಾಷೆಯನ್ನು ನನ್ನ ಹಾಗೆ ಅಂಗೈಯಲ್ಲಿ ಇಟ್ಟುಕೊಂಡವನಿಗೆ ಮಾತ್ರ ಎಲ್ಲಿ, ಎಷ್ಟು, ಹೇಗೆ ಬೀಳಬೇಕು ಎಂಬುದು ಗೊತ್ತಿರುತ್ತದೆ. ಸರ್ಕಸ್ಸಿನಲ್ಲಿ ಹಗ್ಗದಿಂದ ಬೀಳುವ ಜೋಕರನೇ ಎಲ್ಲರಿಗಿಂತ ಚೆನ್ನಾಗಿ ನಡೆಯಬಲ್ಲವನು. ಜನ ಪ್ರೇಮಕ್ಕಾಗಿ ರಾಜ್ಯ ಬಿಟ್ಟಿದ್ದಾರೆ. ನಾನು C ಬಿಡುತ್ತೇನೆ. ಅವರವರ ಯೋಗ್ಯತೆ.

ಮಾರ್ಚ್ 18, ಮಂಗಳವಾರ

ಪರೀಕ್ಷೆ ಆಯಿತು. ಪರದೆಯ ಮೇಲೆ ಒಬ್ಬ ಸಭ್ಯ ಹೆಂಗಸು ಕೇಳಿದಳು, ನಾನು ಬಿದ್ದೆ. ಅಭಿನಯ ಅಮೋಘ. ವಿವರ ಅನಗತ್ಯ.

ಮಾರ್ಚ್ 28, ಶುಕ್ರವಾರ. ಬೆಳಗ್ಗೆ ಹತ್ತು

ಫಲಿತಾಂಶ: B.

ಅಂದುಕೊಂಡ ಹಾಗೇ. (ಮತ್ತೊಮ್ಮೆ ತೆಗೆದು ನೋಡಿದೆ. B ಯೇ.) ನೊರ್ಮಾಂ ಉಶ್ಶೆಂದ. ಬೇಸಿಗೆಗೆ ಮತ್ತೆ ಕೂಡಿಸುತ್ತಾರಂತೆ. ಅಲ್ಲಿಯವರೆಗೆ ಊಟ ಮುಂದುವರಿಯಲಿ ಎಂದ. ಲಿಯೆಟ್ ನನ್ನ ತೋಳು ತಟ್ಟಿ, ಪರವಾಗಿಲ್ಲ, ನಾವು ಇನ್ನೂ ಉಂಡೆ ತಿನ್ನೋಣ ಅಂದಳು. ಒಟ್ಟಾವಾದಲ್ಲಿ ಇವತ್ತು B ಪಡೆದು ಇಷ್ಟು ಹಿಗ್ಗಿದವನು ಇನ್ನೊಬ್ಬನಿರಲಾರ.

ಏಪ್ರಿಲ್ 4, ಶುಕ್ರವಾರ

ನದಿಯಾಚೆ, ಗಟಿನೋ ಕಡೆಯ ಮೇಪಲ್ ತೋಪಿಗೆ ವಿಭಾಗದವರೆಲ್ಲ ಹೋಗಿದ್ದೆವು. ಮೇಪಲ್ ರಸ ಕುದಿಸುವ ಗುಡಿಸಲು, ಉದ್ದ ಮೇಜುಗಳು, ಮೊಟ್ಟೆ, ಹ್ಯಾಮ್, ಎಲ್ಲದರ ಮೇಲೂ ಪಾಕ. ಹೊರಗೆ ಹಿಮದ ಮೇಲೆ ಬಿಸಿ ಪಾಕ ಎರೆದು ಕಡ್ಡಿಗೆ ಸುತ್ತಿ ಕೊಡುತ್ತಿದ್ದರು. ನಾವಿಬ್ಬರೂ ಕಡ್ಡಿ ಹಿಡಿದು ನಿಂತಿದ್ದೆವು. ಬಿಸಿಲಿತ್ತು. ಅವಳ ತುಟಿಯಂಚಿಗೆ ಪಾಕ ಮೆತ್ತಿತ್ತು.

ನನ್ನ ಫ್ರೆಂಚ್ ಬಗ್ಗೆ ಏನೋ ಸಮಾಧಾನ ಹೇಳುತ್ತಿದ್ದಳು — ಕನಿಕರದಿಂದ, ಇಂಗ್ಲಿಷಿನಲ್ಲಿ. ಆ ಕನಿಕರ ಸಹಿಸಲಾಗಲಿಲ್ಲ. ಹೇಳಿಬಿಟ್ಟೆ. ನಾನು ಬೇಕಂತಲೇ ಸೋತದ್ದು, ಮಂಗಳವಾರಗಳಿಗೋಸ್ಕರ.

ಅವಳು ಕರಗಬೇಕಿತ್ತು. ನನ್ನ ಲೆಕ್ಕ ಅದು.

ಕಡ್ಡಿ ಕೆಳಗಿಳಿಸಿದಳು. ಆಮೇಲೆ ಫ್ರೆಂಚ್ ಬಂತು. ತಂಗಿಯ ಹತ್ತಿರ ಆಡುವ ಫ್ರೆಂಚ್.

“ಬೇಕಂತ ಸೋತೆಯಾ? ಸೋಲೋದು ನಿನಗೆ ಆಟ, ಅಲ್ವಾ? ನಾನು ಇಪ್ಪತ್ತೆರಡನೇ ವಯಸ್ಸಲ್ಲಿ ಇಂಗ್ಲಿಷ್ ಪರೀಕ್ಷೆಗೆ ಕೂತಾಗ ಅಮ್ಮ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ ಕಾಯ್ತಿದ್ಲು. ಫೇಲಾದೆ. ವಾಪಸ್ ಹೋಗಿ ಫ್ಯಾಕ್ಟರಿಯಲ್ಲಿ ಏಡಿ ಬಿಡಿಸಿದೆ. ಕೈಯೆಲ್ಲ ಕುಯ್ದುಕೊಂಡು, ಬಾಯಲ್ಲಿ ಇಂಗ್ಲಿಷ್ ಉರು ಹೊಡೀತಾ. ಮತ್ತೆ ಕೂತೆ, ಮತ್ತೆ ಫೇಲು. ಹಾಗೆ ಬಂದದ್ದು ಕಣೋ ಈ ಇಂಗ್ಲಿಷ್. ಅದನ್ನ ನಿನಗೆ ದಿನಾ ಬಡಿಸ್ತೀನಿ, ನಿನಗೆ ಕಷ್ಟ ಆಗಬಾರದು ಅಂತ. ನೀನು ನನ್ನ ಭಾಷೆನ ಬೇಕಂತ ಬಿಸಾಕಿ ಬಂದು ಹೂಗುಚ್ಛದ ಥರ ಕೊಡ್ತೀಯಾ?”

ಎಲ್ಲ ಅರ್ಥವಾಯಿತು. ಒಂದೊಂದು ಮಾತೂ. ಎರಡು ಉಸಿರಲ್ಲ, ಅರ್ಧ ಉಸಿರೂ ತಡವಾಗಲಿಲ್ಲ. ನಾಚಿಕೆಯಾಗಬೇಕು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು: ‘ನೀನು’ ಅಂದಳು. ನನಗಾಗಿ ಒಲೆ ಪಕ್ಕದ ಕುರ್ಚಿ ಬಿಟ್ಟುಕೊಡಲಿಲ್ಲ, ಇಂಗ್ಲಿಷಿಗೆ ಜಾರಲಿಲ್ಲ. ಇಷ್ಟು ದಿನ ಕಾದದ್ದು ಬಂದಿತ್ತು — ಬಂದದ್ದು ಬೈಗುಳವಾಗಿ.

‘ತಪ್ಪಾಯಿತು’ ಅಂದೆ, ಫ್ರೆಂಚಿನಲ್ಲಿ.

ತುಟಿ ಒರೆಸಿಕೊಂಡಳು. ಧ್ವನಿ ತಗ್ಗಿತು. ಇಂಗ್ಲಿಷ್ ವಾಪಸ್ ಬಂತು. “ಇನ್ನು ಮಂಗಳವಾರ ನೀವು ಬೇರೆ ಕಡೆ ಊಟ ಮಾಡಿ, ಮರ್ರೆ. ಕಲಿಯೋಕೆ ಬಂದವರಿಗಾದ್ರೆ ನಾನಿದ್ದೆ. ನಾಟಕಕ್ಕೆ ನನಗೆ ಪುರುಸೊತ್ತಿಲ್ಲ.”

ಅಷ್ಟು ಮರ್ಯಾದೆಯಾಗಿ ನನಗೆ ಯಾರೂ ಬಾಗಿಲು ಹಾಕಿರಲಿಲ್ಲ.

ಏಪ್ರಿಲ್ 7, ಸೋಮವಾರ. ಸಂಜೆ ಆರು

ಇಡೀ ದಿನ ಪಕ್ಕದ ಟೇಬಲ್ ನನ್ನೊಡನೆ ಚೊಕ್ಕ ಇಂಗ್ಲಿಷ್ ಆಡಿತು. ಸ್ಟೇಪ್ಲರ್ ಕೇಳಲೂ ‘ದಯವಿಟ್ಟು’.

ಕಲಿಯಲು ಬಂದವನಿಗಾದರೆ ಅವಳಿದ್ದಾಳೆ. ಹಾಗಂತ ಅವಳೇ ಅಂದದ್ದು. ಹಾಗಾದರೆ ಅವಳಿಗೆ ಒಂದು ಮಾತು ಹೇಳಿದರೆ ಸಾಕು. ಆ ಮಾತನ್ನು ಇಲ್ಲಿ, ಯಾರೂ ಓದದ ಈ ಪುಸ್ತಕಕ್ಕೂ ಹೇಳಿಲ್ಲ. ಇದಕ್ಕೂ ಸುಳ್ಳೇ ಬರೆದಿದ್ದೇನೆ.

ಮಾರ್ಚ್ ಹದಿನೆಂಟು. ಬೀಳಬೇಕೆಂದೇ ಹೋಗಿ ಕೂತೆ, ಅದು ನಿಜ. ಪರದೆಯ ಹೆಂಗಸು ಇತ್ತೀಚೆಗೆ ಮನಸ್ಸಿಗೆ ಹಿಡಿಸಿದ ಒಂದು ದಿನದ ಬಗ್ಗೆ ಹೇಳಿ ಎಂದಳು. ಅಲ್ಲಿಗೆ ಯೋಜನೆ ಮರೆತೇ ಹೋಯಿತು. ಕಾಲುವೆ, ಬೆಂಚು, ಸಿಮೆಂಟಿನ ಬಣ್ಣದ ಉಂಡೆ, ಫೋನಿನಲ್ಲಿ ಕೈ ಬೀಸುವ ಒಬ್ಬಳು... ಎಲ್ಲ ಹೇಳಬೇಕೆನ್ನಿಸಿತು. ಬೆವರು ಕಿತ್ತು ಬಂತು. ಪದ ಸಿಗದಲ್ಲೆಲ್ಲ ‘ತುಂಬ ಚೆನ್ನಾಗಿತ್ತು’ ಅಂದೆ. ಕಾಲುವೆ ತುಂಬ ಚೆನ್ನಾಗಿತ್ತು. ಉಂಡೆ ತುಂಬ ಚೆನ್ನಾಗಿತ್ತು. ಅವಳು ಬೈದದ್ದು ತುಂಬ ಚೆನ್ನಾಗಿತ್ತು. ಪರೀಕ್ಷಕಿ ತಲೆಯಾಡಿಸಿದ್ದನ್ನು ಮೆಚ್ಚುಗೆ ಅಂದುಕೊಂಡೆ. ಪಾರ್ಕಿಂಗ್‌ನಲ್ಲಿ ಕಾರಿನ ಸುತ್ತ ಒಂದು ಸುತ್ತು ಕುಣಿದೆ. C ಗ್ಯಾರಂಟಿ, ಇದನ್ನು ಮೊದಲು ಅವಳಿಗೇ ಹೇಳಬೇಕು ಎಂದು — ಗೆದ್ದರೆ ಊಟ ಬಂದ್ ಎಂಬುದೂ ನೆನಪಿರಲಿಲ್ಲ. ಮನೆಗೆ ಬಂದ ಮೇಲೆ ನೆನಪಾಯಿತು. ಆಗ ಕೂತು ಬರೆದೆ: ‘ಅಭಿನಯ ಅಮೋಘ’.

ಅಭಿನಯ ಇರಲಿಲ್ಲ. ಹಗ್ಗವೂ ಇರಲಿಲ್ಲ, ಜೋಕರ್ ಮಾತ್ರ ಇದ್ದ. ಇಪ್ಪತ್ತು ವರ್ಷ ನಿಯಮ ಬರೆದು ಫ್ರೆಂಚನ್ನು ಕಾಯ್ದ ನನ್ನ ಸ್ವಂತ ಫ್ರೆಂಚು, ಎದೆಯಲ್ಲಿದ್ದುದನ್ನೆಲ್ಲ ಬಗೆದು ಹಾಕಿದರೂ, B.

ನಾಳೆ ಮಂಗಳವಾರ. ಊಟದ ಡಬ್ಬಿ ಹಿಡಿದು ಅವಳ ಟೇಬಲ್ ಮುಂದೆ ನಿಲ್ಲುತ್ತೇನೆ. ಇಯರ್‌ಫೋನ್ ಇಲ್ಲದೆ. ‘ಲಿಯೆಟ್, ನಾನು ಬಿಸಾಕಲಿಲ್ಲ. ಇದ್ದದ್ದೇ ಅಷ್ಟು.’ ಇಷ್ಟನ್ನು ಫ್ರೆಂಚಿನಲ್ಲಿ ಹೇಳಲು ಬರುತ್ತದೆ, ಕನ್ನಡಿ ಮುಂದೆ ಹೇಳಿ ನೋಡಿದೆ, ಮುಖ ಹಲ್ಲು ಕೀಳಿಸಿಕೊಳ್ಳುವವನದೇ. ಅದರ ಮುಂದಿನ ಮಾತು, ಅಂದರೆ ನಿಜವಾಗಿ ಹೇಳಬೇಕಾದ್ದು, ಅದಕ್ಕೆ ನನ್ನ ಹತ್ತಿರ ಇನ್ನೂ ಪದ...