ಮೂವತ್ತೊಂದನೆಯ ಗಾಜು

1934 ಆಗಸ್ಟ್ 3, ಅರಕೆರೆ

ನಲವತ್ತು ಡಬ್ಬಿ ಹಂಚಿದೆ. ಹದಿನೇಳು ವಾಪಸು ಬಂದವು. ಪರೀಕ್ಷೆಗೆ ಮಲ ಕೊಡಿ ಎಂದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಾರೆ. ಕೊಕ್ಕೆಹುಳು ಬರಿಗಾಲಿನಿಂದ ಮೈಯೊಳಗೆ ಇಳಿಯುತ್ತದೆ, ಕರುಳು ಕಚ್ಚಿ ರಕ್ತ ಕುಡಿಯುತ್ತದೆ — ಕರಪತ್ರ ಪೂರ್ತಿ ನನಗೆ ಬಾಯಿಪಾಠ. ದೇವಲಾಪುರದ ಒಣನೆಲದಿಂದ ಈ ಶಿಬಿರಕ್ಕೆ ಬಂದು ಮೂರು ತಿಂಗಳು. ನಾಲೆ ಸೀಮೆಯಿಂದ ಹುಳುವನ್ನು ಓಡಿಸದೆ ಊರಿಗೆ ಹೋಗುವುದಿಲ್ಲ.

ವಾರದಿಂದ ದಿನಾ ನಾಟಿ ಗದ್ದೆಯಲ್ಲೇ ಭಾಷಣ. ಬೂಟು ಬದುವಿನ ಮೇಲೆ ಬಿಟ್ಟು ಇಳಿಯುತ್ತೇನೆ. ಗದ್ದೆ ಲಕ್ಷ್ಮಿ. ಬೂಟು ಮೆಟ್ಟಿ ಇಳಿದರೆ ಯಾರು ಮಾತು ಕೇಳುತ್ತಾರೆ?

ನಾಟಿಯ ಕುಳ್ಳಮ್ಮ ಸೊಂಟ ನೆಟ್ಟಗೆ ಮಾಡಿ, "ಮೆಟ್ಟಾಕಳಿ ಅಂತ ಹೇಳಾಕೆ ಬರಿಗಾಲಲ್ ಬಂದವ್ರೆ ನೋಡ್ರವ್ವ, ನಮ್ ಚಿಕ್ಕಸ್ವಾಮಪ್ಪ" ಎಂದಳು. ಎಲ್ಲ ನಕ್ಕರು. ನಗಲಿ.

ಆಗಸ್ಟ್ 6

ಸಿದ್ದರಾಜು ಅಂತ ಒಬ್ಬ ಬಂದ. ಕೃಷ್ಣರಾಜಪೇಟೆಯವನು, ಬೆಂಗಳೂರಿನಲ್ಲಿ ಲ್ಯಾಬೊರೇಟರಿ ಕೆಲಸ ಕಲಿತವನು. ನನ್ನದೇ ವಯಸ್ಸು. ಶಿಬಿರದ ಡಾಕ್ಟರು ಅವನನ್ನು ನೇರ ಮೈಕ್ರಾಸ್ಕೋಪಿನ ಮುಂದೆ ಕೂರಿಸಿದರು. ನಾನು ಎರಡು ಸಲ ಕೇಳಿದ್ದೆ, ಒಂದೇ ಒಂದು ಸಲ ನೋಡುತ್ತೇನೆ ಅಂತ. "ಗಾಜು ಒಡೆದೀತು ಕಣಯ್ಯ" ಎಂದಿದ್ದರು.

ಕಾಲ್ಬೆರಳ ಸಂದಿಯಲ್ಲಿ ವಿಪರೀತ ತುರಿಕೆ. ಹೊಸ ಬೂಟು ಕಚ್ಚುತ್ತಿದೆ.

ಆಗಸ್ಟ್ 11, ಮಧ್ಯಾಹ್ನ

ಸಿದ್ದರಾಜುವಿನ ಹೊಸ ವಿದ್ಯೆ. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆಯುವುದು. ಬಣ್ಣ ಹಾಕುವುದು. ನೂರು ಬಿಳಿಕಣ ಎಣಿಸುವುದು. ಕೆಂಪು ಕಾಳು ತುಂಬಿದ ಕಣಗಳು ಮೂರು ನಾಲ್ಕಿದ್ದರೆ ಸರಿ. ಹೆಚ್ಚಿದ್ದರೆ ಮೈಯಲ್ಲಿ ಹುಳು ಇದೆ ಅಂತ ಗುಮಾನಿ.

"ಹುಳು ದೊಡ್ಡದಾಗಿ ಮೊಟ್ಟೆ ಇಟ್ಟು ಅದು ಡಬ್ಬಿಗೆ ಬರೋಕೆ ಒಂದೂವರೆ ತಿಂಗಳು, ಎರಡು ತಿಂಗಳು ಬೇಕು ಸಾರ್. ರಕ್ತ ಅದಕ್ಕಿಂತ ಮೊದಲೇ ಹೇಳುತ್ತೆ."

"ನೋಡಿದಿರಾ ನಮ್ಮ ಸಿದ್ದರಾಜುನ?" ಎಂದರು ಡಾಕ್ಟರು.

ನಮ್ಮ! ಬಂದು ಐದು ದಿನ. ಬಿಸಿಲಲ್ಲಿ ಮಲದ ಡಬ್ಬಿ ಹೊತ್ತವನು ಮೂರು ತಿಂಗಳಾದರೂ "ಏನಯ್ಯ".

ಆಗಸ್ಟ್ 27

ಈಗ ನಾನು ಅವನ ಸೂಜಿಪೆಟ್ಟಿಗೆ ಹೊರುವವನು. ಡಬ್ಬಿಗೆ ನಗುತ್ತಿದ್ದ ಹೆಂಗಸರು ಅವನಿಗೆ ಬೆರಳು ಚಾಚುತ್ತಾರೆ. "ನೋಯಾಕಿಲ್ಲ ಕಣ್ರವ್ವ, ಒಳ್ಳೆ ಕೈ" ಎಂದು ಕುಳ್ಳಮ್ಮ ಊರಿಗೆಲ್ಲ ಹೇಳಿದ್ದಾಳೆ.

ಮೂವತ್ತು ಗಾಜು ಆದವು. ಅವನು ಕೈ ತೊಳೆಯಲು ಹೋದಾಗ ನನ್ನ ಬೆರಳು ಚುಚ್ಚಿಕೊಂಡೆ. ಗಾಜಿನ ಮೇಲೆ 31 ಅಂತ ಬರೆದು ಸಾಲಿನಲ್ಲಿಟ್ಟೆ. ನಾನು ಬೂಟು ಹಾಕುವವನು, ಕಾಯಿಸಿದ ನೀರು ಕುಡಿಯುವವನು. ನನ್ನಲ್ಲೂ ಹುಳು ಕಂಡರೆ ಅವನ ವಿದ್ಯೆಯ ಪೊಳ್ಳು ಬಯಲಾಗುತ್ತದೆ.

ಆಗಸ್ಟ್ 29

ಬಯಲಾಯಿತು. ಡಬ್ಬಿಯಲ್ಲಿ ಮೊಟ್ಟೆ ಇಲ್ಲದಿದ್ದರೂ ರಕ್ತ ನೋಡಿ ಹುಳು ಇದೆ ಅಂತ ಹನ್ನೆರಡು ನಂಬರು ಬರೆದಿದ್ದಾನೆ. ಅದರಲ್ಲಿ 31ನೆಯದು — ನೂರಕ್ಕೆ ಇಪ್ಪತ್ತನಾಲ್ಕು ಕೆಂಪು. ಎಲ್ಲರ ಮುಂದೆ ಹೇಳಿದೆ, ಅದು ನನ್ನ ರಕ್ತ. ನನ್ನ ಡಬ್ಬಿಯನ್ನೂ ಅಲ್ಲೇ ಕೊಟ್ಟೆ. ಡಾಕ್ಟರೇ ನೋಡಿದರು. ಒಂದು ಮೊಟ್ಟೆಯೂ ಇಲ್ಲ.

ಸಿದ್ದರಾಜು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಚಿಕ್ಕಸ್ವಾಮಿ, ಕೆಸರಿಗೆ ಇಳಿದಿದ್ದೆಯಾ?" ಎಂದ.

"ಬೂಟು ಕಾಣಿಸಲ್ಲವೇ?" ಎಂದೆ.

"ದಸರಾ ಆಗಲಿ. ಇನ್ನೊಂದು ಸಲ ಡಬ್ಬಿ ಕೊಡು."

ಡಾಕ್ಟರು ಕನ್ನಡಕ ಒರೆಸಿಕೊಂಡರು. "ಮೊಟ್ಟೆ ಕಾಣದೆ ಔಷಧಿ ಇಲ್ಲ. ಈ ರಕ್ತದ ಪರೀಕ್ಷೆ ಇಲ್ಲಿಗೆ ಸಾಕು" ಎಂದರು.

ಸೆಪ್ಟೆಂಬರ್ 4

ಸಿದ್ದರಾಜುವನ್ನು ವಾಪಸು ಕಳಿಸಿದರು. ಹೊರಡುವ ಮುಂಚೆ ಲೆನ್ಸು ಒರೆಸಿ, ಬಟ್ಟೆ ಮಡಿಸಿಟ್ಟ. ಡಬ್ಬಿಯ ಮೊಟ್ಟೆ ನೋಡುವುದನ್ನು ಡಾಕ್ಟರು ನನಗೆ ಕಲಿಸುತ್ತಾರಂತೆ. ಕುರ್ಚಿ ಇನ್ನೂ ಅವನ ಎತ್ತರಕ್ಕೇ ಇದೆ. ಇಳಿಸಿಕೊಂಡೆ.

ಅಕ್ಟೋಬರ್ 3

ಒಂದು ತಿಂಗಳು ಬರೆಯಲಿಲ್ಲ. ಆಯಾಸ. ಕಣ್ಣು ಲೆನ್ಸಿಗೆ ಪಳಗಿದೆ. ಅವನ ಹನ್ನೆರಡು ನಂಬರಿನ ಪಟ್ಟಿ ಡ್ರಾಯರಿನಲ್ಲೇ ಇತ್ತು. ಸುಳ್ಳು ಅಂತ ಪೂರ್ತಿ ತೋರಿಸಿಬಿಡೋಣ ಎಂದು, ನನ್ನದು ಬಿಟ್ಟು, ಹನ್ನೊಂದು ಮನೆಯಿಂದ ಮತ್ತೆ ಡಬ್ಬಿ ತರಿಸಿದೆ.

ಏಳರಲ್ಲಿ ಮೊಟ್ಟೆ. ಕುಳ್ಳಮ್ಮನದೂ ಒಂದು. ಆಗಸ್ಟಿನಲ್ಲೇ ಔಷಧಿ ಕೊಡಬಹುದಿತ್ತು. ಈಗ ಅವಳ ರೆಪ್ಪೆ ಒಳಗೆ ಬೆಳ್ಳಗಿದೆ. "ಬದು ಹತ್ತಾಕೂ ಉಸ್ರು ಬತ್ತದೆ ಕಣಪ್ಪ. ಆ ಒಳ್ಳೆ ಕೈನವ್ರು ಎಲ್ಲೋದ್ರು?" ಎಂದಳು. ಈಗಲೂ ಅವನನ್ನೇ ಕೇಳುತ್ತಾಳೆ.

ಏಳು ಡಬ್ಬಿಯ ಫಲಿತಾಂಶ ಮಾತ್ರ ಡಾಕ್ಟರಿಗೆ ಕೊಟ್ಟೆ. ಪಟ್ಟಿಯ ಸುದ್ದಿ ಎತ್ತಲಿಲ್ಲ.

ಅಕ್ಟೋಬರ್ 20, ಬೆಳಿಗ್ಗೆ

ದಸರಾ ಮುಗಿಯಿತು. ನಿನ್ನೆ ನನ್ನ ಡಬ್ಬಿಯನ್ನು ನಾನೇ ನೋಡಿದೆ. ತೆಳು ಚಿಪ್ಪು, ಒಳಗೆ ನಾಲ್ಕು ಭಾಗ. ಇಷ್ಟು ಸ್ಪಷ್ಟ ಮೊಟ್ಟೆ ಯಾರ ಡಬ್ಬಿಯಲ್ಲೂ ಕಂಡಿರಲಿಲ್ಲ. ಗಾಜನ್ನು ತೊಳೆದುಬಿಟ್ಟೆ. ಆಮೇಲೆ ಮತ್ತೊಂದು ಮಾಡಿದೆ. ಅದರಲ್ಲೂ...

ಬದುವಿನ ಮೇಲೆ ಬಿಟ್ಟ ಬೂಟು. ಎಲ್ಲರೂ ನೋಡಿದ್ದರು. ಕುಳ್ಳಮ್ಮ ಹೇಳಿಯೂ ಇದ್ದಳು.

ನಾಟಿ ಮಾಡಿದ ಇನ್ನೂರು ಜನರ ರಕ್ತ ನೋಡದೆ ಹೋಯಿತು. ಎಷ್ಟು ಜನಕ್ಕೆ ಹುಳು ಹೊಕ್ಕಿದೆಯೋ. ಸಿದ್ದರಾಜುವನ್ನು ವಾಪಸು ಕರೆಸಬೇಕು. ಅವನು ಬಂದರೆ ಈ ಕುರ್ಚಿ ಅವನದು. ಡಾಕ್ಟರು ಮತ್ತೆ "ನಮ್ಮ" ಅನ್ನುತ್ತಾರೆ.

ಕಾಗದಕ್ಕೆ ಕೂತಿದ್ದೇನೆ. ಎರಡು ಹರಿದೆ. ನೇರ ಬರೆಯಲು ಧೈರ್ಯವಿಲ್ಲ, ಮೊದಲು ಇಲ್ಲಿ —

ಡಾಕ್ಟರ್ ಸಾಹೇಬರಿಗೆ ಚಿಕ್ಕಸ್ವಾಮಿ ಮಾಡುವ ಅರಿಕೆ. ಮೂವತ್ತೊಂದನೆಯ ಗಾಜಿನ ವಿಚಾರದಲ್ಲಿ ಸಿದ್ದರಾಜು ಹೇಳಿದ್ದು —